ಮೂತಿಯ ಚಕ್ರವೂ ಒರಟು ನೆಲವೂ

ಹಗುರ ವಿಮಾನದ ಮೂತಿಯ ಕೆಳಗಿರುವ ಚಕ್ರವನ್ನು ನೋಸ್ ವೀಲ್ ಎನ್ನುತ್ತಾರೆ. ಎರಡು ಅಥವಾ ನಾಲ್ಕು ಜನ ಕೂರುವ ಬಹುತೇಕ ವಿಮಾನಗಳಲ್ಲಿ ಮೂರು ಚಕ್ರಗಳ ಪೈಕಿ ಅದೇ ಚಿಕ್ಕದು. ನಿಂತ ವಿಮಾನದ ತೂಕದಲ್ಲಿ ಹತ್ತರಲ್ಲಿ ಒಂದೆರಡು ಪಾಲು ಮಾತ್ರ ಅದರ ಮೇಲೆ ಬೀಳುತ್ತದೆ. ಉಳಿದದ್ದನ್ನು ರೆಕ್ಕೆಗಳ ಬಳಿ ಇರುವ ಎರಡು ಮುಖ್ಯ ಚಕ್ರಗಳು ಹೊರುತ್ತವೆ. ಡಾಂಬರು ಹಾಕಿದ ರನ್‌ವೇಯಲ್ಲಿ ಈ ಪುಟ್ಟ ಚಕ್ರಕ್ಕೆ ಯಾವ ಕಷ್ಟವೂ ಇಲ್ಲ. ಹುಲ್ಲಿನ ಮೈದಾನ, ನದಿ ದಂಡೆಯ ಉರುಟುಗಲ್ಲು, ಮಳೆಗೆ ನೆನೆದ ಮಣ್ಣು ಎದುರಾದಾಗ ಮೊದಲು ಸೋಲುವುದು ಅದೇ. ಕಾರ್ಖಾನೆ ಕೊಟ್ಟ ಟೈರನ್ನು ತೆಗೆದು ದೊಡ್ಡ ಟೈರು ಹಾಕಿಸುವ ರೂಢಿ ಹುಟ್ಟಿದ್ದು ಹೀಗೆ. ವಿಮಾನದ ಮೂತಿಗೆ ಚಕ್ರ ಬಂದದ್ದು ಹೇಗೆ, ಅದು ಚಿಕ್ಕದಾಗಿಯೇ ಉಳಿದದ್ದು ಏಕೆ, ಅದನ್ನು ದೊಡ್ಡದು ಮಾಡಬೇಕಾಗಿ ಬಂದದ್ದು ಎಂಥ ನೆಲದಲ್ಲಿ ಎಂಬುದನ್ನು ತಿಳಿದರೆ ಈ ರೂಢಿಯ ಅರ್ಥ ತಿಳಿಯುತ್ತದೆ.

ಮುಂದೆ ಬಂದು ಹಿಂದೆ ಸರಿದ ಚಕ್ರ

1903ರಲ್ಲಿ ಹಾರಿದ ರೈಟ್ ಸಹೋದರರ ಯಂತ್ರಕ್ಕೆ ಚಕ್ರಗಳೇ ಇರಲಿಲ್ಲ. ಅದು ಮರದ ಹಳಿಯ ಮೇಲೆ ಜಾರಿ ಗಾಳಿಗೇರಿತು. ಇಳಿಯುವಾಗ ಮರದ ಜಾರುಪಟ್ಟಿಗಳ ಮೇಲೆ ಮರಳಿನಲ್ಲಿ ಉಜ್ಜಿಕೊಂಡು ನಿಂತಿತು. ಸೈಕಲ್ ಮತ್ತು ಮೋಟಾರ್‌ಸೈಕಲ್ ಕಸುಬಿನಿಂದ ಬಂದಿದ್ದ ಗ್ಲೆನ್ ಕರ್ಟಿಸ್ ತಮ್ಮ ವಿಮಾನಗಳಿಗೆ ಮೂರು ಚಕ್ರ ಹಾಕಿದರು: ಮುಂದೆ ಒಂದು, ಹಿಂದೆ ಎರಡು. 1909ರ ಆಗಸ್ಟಿನಲ್ಲಿ ಫ್ರಾನ್ಸಿನ ರೀಮ್ಸ್‌ನಲ್ಲಿ ಗಾರ್ಡನ್ ಬೆನೆಟ್ ಪಂದ್ಯ ಗೆದ್ದ ಅವರ ವಿಮಾನ ನಿಂತಿದ್ದು ಇಂಥ ಮೂರು ಚಕ್ರಗಳ ಮೇಲೆಯೇ. ಹೀಗೆ, ಇಂದು ಹೊಸತೆಂದು ತೋರುವ ಈ ಜೋಡಣೆ ವಿಮಾನಯಾನದ ಮೊದಲ ದಶಕದಲ್ಲೇ ಇತ್ತು.

ಅದು ಉಳಿಯಲಿಲ್ಲ. ಕರ್ಟಿಸ್ ಯಂತ್ರದಲ್ಲಿ ಎಂಜಿನ್ನು ಪೈಲಟ್‌ನ ಬೆನ್ನ ಹಿಂದೆ ಇದ್ದುದರಿಂದ ಮುಂದಿನ ಜಾಗ ಖಾಲಿಯಿತ್ತು. ಅದೇ ವರ್ಷ ಜುಲೈ 25ರಂದು ಇಂಗ್ಲಿಷ್ ಕಾಲುವೆ ದಾಟಿದ ಲೂಯಿ ಬ್ಲೆರಿಯೊ ಅವರ ವಿಮಾನದಲ್ಲಿ ಎಂಜಿನ್ನು ಮತ್ತು ಪ್ರೊಪೆಲ್ಲರ್ ಮೂತಿಯಲ್ಲಿದ್ದವು. ಮುಂದಿನ ವರ್ಷಗಳಲ್ಲಿ ಈ ಮಾದರಿಯೇ ಎಲ್ಲೆಡೆ ಹರಡಿತು. ಮೂತಿಯಲ್ಲಿ ಎಂಜಿನ್ನು ಬಂದಮೇಲೆ ಚಕ್ರಕ್ಕೆ ಜಾಗ ಉಳಿಯಲಿಲ್ಲ. ಎರಡು ಚಕ್ರಗಳನ್ನು ಮುಂದಿಟ್ಟು, ಬಾಲವನ್ನು ಒಂದು ಮರದ ಕೊಕ್ಕೆಯ ಮೇಲೆ ಕೂರಿಸುವುದು ಹಗುರವಾದ, ಅಗ್ಗವಾದ ದಾರಿ. ಬಾಲ ಕೆಳಗೆ ಕೂತಾಗ ಮೂತಿ ತಾನಾಗಿ ಮೇಲೇಳುತ್ತದೆ. ಪ್ರೊಪೆಲ್ಲರ್ ಹುಲ್ಲು, ಕಲ್ಲುಗಳಿಂದ ದೂರ ನಿಲ್ಲುತ್ತದೆ. ಬ್ರೇಕಿಲ್ಲದ ಆ ಕಾಲದಲ್ಲಿ ನೆಲವನ್ನು ಗೀರುತ್ತ ಹೋಗುವ ಬಾಲದ ಕೊಕ್ಕೆಯೇ ಬ್ರೇಕು ಕೂಡ.

ಈ ಜೋಡಣೆ ಆ ಕಾಲದ ನೆಲಕ್ಕೆ ಒಪ್ಪುವಂಥದ್ದು. ವಿಮಾನ ನಿಲ್ದಾಣವೆಂದರೆ ಆಗ ವಿಶಾಲವಾದ ಮೈದಾನ. ಗಾಳಿ ಯಾವ ಕಡೆಯಿಂದ ಬೀಸಿದರೂ ಅತ್ತ ಮುಖ ಮಾಡಿ ಇಳಿಯಬಹುದಿತ್ತು. 1932ರ ಅಕ್ಟೋಬರಿನಲ್ಲಿ ಕರಾಚಿಯಿಂದ ಮದ್ರಾಸಿಗೆ ಟಾಟಾ ಸಂಸ್ಥೆಯ ಅಂಚೆ ವಿಮಾನ ಹೊರಟಾಗ, ಮುಂಬಯಿ ಮತ್ತು ಮದ್ರಾಸುಗಳ ನಡುವೆ ಅದು ಇಳಿದ ಊರು ಬಳ್ಳಾರಿ. ಅಲ್ಲಿಗೆ ಬಂದ ಪುಸ್ ಮಾತ್ ವಿಮಾನವೂ ಬಾಲವನ್ನು ನೆಲಕ್ಕೆ ತಾಗಿಸಿ ನಿಲ್ಲುವಂಥದ್ದೇ.

ದಿಂಬಿನಂಥ ಟೈರು

ಒರಟು ನೆಲಕ್ಕೆ ದೊಡ್ಡ ಟೈರೇ ಉತ್ತರ ಎಂಬ ತಿಳಿವಳಿಕೆ ಮೊದಲು ಬಂದದ್ದು ಮುಖ್ಯ ಚಕ್ರಗಳ ವಿಷಯದಲ್ಲಿ. ಮೊದಲ ಮಹಾಯುದ್ಧದ ವಿಮಾನಗಳ ಚಕ್ರಗಳು ಸೈಕಲ್ ಚಕ್ರದಂತೆ ಎತ್ತರವಾಗಿ, ತೆಳ್ಳಗಿದ್ದವು. ಕಡ್ಡಿಗಳ ನಡುವೆ ಕೆಸರು ತುಂಬದಿರಲೆಂದು, ಗಾಳಿಗೂ ಅಡ್ಡಿಯಾಗದಿರಲೆಂದು ಅವುಗಳಿಗೆ ಬಟ್ಟೆ ಹೊದಿಸುತ್ತಿದ್ದರು. ವ್ಯಾಸ ದೊಡ್ಡದಿದ್ದರೂ ಅಗಲ ಕಡಿಮೆ. ಮೆತ್ತನೆಯ ಮಣ್ಣಿನಲ್ಲಿ ಅವು ಚಾಕುವಿನಂತೆ ಇಳಿಯುತ್ತಿದ್ದವು.

1920ರ ದಶಕದ ಕೊನೆಗೆ ಆಲ್ವಿನ್ ಮಸಲ್‌ಮನ್ ಎಂಬ ಅಮೆರಿಕನ್ ಸಂಶೋಧಕರು ಬೇರೆಯೇ ಬಗೆಯ ಟೈರು ರೂಪಿಸಿದರು. ಅದರ ನಡುವಿನ ಲೋಹದ ಗುಂಬ ಅಂಗೈಯಷ್ಟು. ಸುತ್ತಲಿನ ರಬ್ಬರು ಉದ್ದಿನ ವಡೆಯಂತೆ ಉಬ್ಬಿಕೊಂಡದ್ದು. ಒಳಗೆ ತುಂಬುತ್ತಿದ್ದ ಗಾಳಿಯ ಒತ್ತಡ ಬಹಳ ಕಡಿಮೆ. ಗುಡ್‌ಇಯರ್ ಕಂಪನಿ ಅದರ ಹಕ್ಕು ಪಡೆದು 'ಏರ್‌ವೀಲ್' ಎಂಬ ಹೆಸರಿನಲ್ಲಿ ಮಾರಿತು. ಟೈರೇ ಚಕ್ರ, ಟೈರೇ ಸ್ಪ್ರಿಂಗು ಎಂಬಂತಾಯಿತು. 1930ರ ದಶಕದಲ್ಲಿ ಸಾವಿರಾರು ಜನ ಹಾರಾಟ ಕಲಿತ ಪೈಪರ್ ಕಬ್ ವಿಮಾನದ ಟೈರು ಈ ವಂಶದ್ದು. ಅದರ ಅಳತೆ 8.00-4, ಎಂದರೆ ಎಂಟು ಅಂಗುಲ ಅಗಲದ ಟೈರು ನಾಲ್ಕು ಅಂಗುಲದ ರಿಮ್ಮಿನ ಮೇಲೆ ಕೂರುತ್ತದೆ. ಹಗುರ ವಿಮಾನಗಳ ಟೈರುಗಳನ್ನು ಇಂದಿಗೂ ಹೀಗೆಯೇ ಗುರುತಿಸುತ್ತಾರೆ: ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ.

ಇದೇ ಕಾಲದಲ್ಲಿ ಅಲಾಸ್ಕ ವಿಮಾನಗಳ ನಾಡಾಗುತ್ತಿತ್ತು. 1924ರಲ್ಲಿ ಕಾರ್ಲ್ ಬೆನ್ ಐಲ್ಸನ್ ಫೇರ್‌ಬ್ಯಾಂಕ್ಸ್‌ನಿಂದ ಮೆಕ್‌ಗ್ರಾತ್‌ಗೆ ಅಂಚೆ ಒಯ್ದರು. ರಸ್ತೆಯಿಲ್ಲದ ಆ ಸೀಮೆಯಲ್ಲಿ ವಿಮಾನ ಇಳಿಯುತ್ತಿದ್ದುದು ನದಿಯ ಮರಳುದಿಬ್ಬದ ಮೇಲೆ, ಹಿಮದ ಮೇಲೆ, ಟಂಡ್ರಾದ ಪಾಚಿನೆಲದ ಮೇಲೆ. ಅಲ್ಲಿನ ಪೈಲಟ್‌ಗಳು ಟೈರು ದೊಡ್ಡದಾದಷ್ಟೂ ಒಳ್ಳೆಯದೆಂದು ಕಂಡುಕೊಂಡರು. 1949ರಲ್ಲಿ ಬಂದ ಪೈಪರ್ ಸೂಪರ್ ಕಬ್ ವಿಮಾನಕ್ಕೆ ಮುಂದೆ 26, 31, ಕೊನೆಗೆ 35 ಅಂಗುಲ ವ್ಯಾಸದ 'ಟಂಡ್ರಾ ಟೈರು'ಗಳು ಬಂದವು. ಆದರೆ ಅವೆಲ್ಲ ಬಾಲಚಕ್ರದ ವಿಮಾನಗಳು. ಅವುಗಳಲ್ಲಿ ದೊಡ್ಡ ಟೈರು ಹಾಕಿದರೆ ಮೂತಿ ಇನ್ನೂ ಮೇಲೇಳುತ್ತದೆ, ಪ್ರೊಪೆಲ್ಲರ್ ಇನ್ನೂ ಕ್ಷೇಮ. ಮೂತಿಯ ಚಕ್ರ ಬಂದಮೇಲೆ ಲೆಕ್ಕ ಬದಲಾಯಿತು.

ಫ್ರೆಡ್ ವೀಕ್ ತಂದ ಬದಲಾವಣೆ

ಬಾಲಚಕ್ರದ ವಿಮಾನಕ್ಕೆ ಹುಟ್ಟಿನಿಂದಲೇ ಒಂದು ದೋಷವಿದೆ. ಅದರ ಭಾರದ ಕೇಂದ್ರ ಮುಖ್ಯ ಚಕ್ರಗಳಿಗಿಂತ ಹಿಂದಿರುತ್ತದೆ. ನೆಲದ ಮೇಲೆ ಓಡುವಾಗ ಮೂತಿ ಸ್ವಲ್ಪ ಬಲಕ್ಕೋ ಎಡಕ್ಕೋ ತಿರುಗಿದರೆ, ಹಿಂದಿನ ಭಾರ ಮುಂದಕ್ಕೆ ನುಗ್ಗಿ ಆ ತಿರುವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಪೈಲಟ್ ತಕ್ಷಣ ಕಾಲಿನಿಂದ ತಿದ್ದದಿದ್ದರೆ ವಿಮಾನ ಗಿರಕಿ ಹೊಡೆದು ರೆಕ್ಕೆ ನೆಲಕ್ಕೆ ತಾಗುತ್ತದೆ. ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ.

ಅಮೆರಿಕದ ವೈಮಾನಿಕ ಸಂಶೋಧನಾ ಸಂಸ್ಥೆ ನಾಕಾದ ಲ್ಯಾಂಗ್ಲಿ ಪ್ರಯೋಗಾಲಯದಲ್ಲಿ ಎಂಜಿನಿಯರ್ ಆಗಿದ್ದ ಫ್ರೆಡ್ ವೀಕ್, ಸಾಮಾನ್ಯ ಜನ ನಿರಾತಂಕವಾಗಿ ಹಾರಿಸಬಹುದಾದ ವಿಮಾನ ಮಾಡಬೇಕೆಂದು ಹೊರಟರು. ಸಹೋದ್ಯೋಗಿಗಳ ಜೊತೆ ಬಿಡುವಿನ ವೇಳೆಯಲ್ಲಿ ಕಟ್ಟಿದ ಡಬ್ಲ್ಯು-1 ಎಂಬ ವಿಮಾನ 1934ರಲ್ಲಿ ಹಾರಿತು. ಅದರಲ್ಲಿ ವೀಕ್ ಮುಖ್ಯ ಚಕ್ರಗಳನ್ನು ಭಾರದ ಕೇಂದ್ರಕ್ಕಿಂತ ಹಿಂದೆ ಸರಿಸಿ, ಮುಂದೆ ಒಂದು ತಿರುಗುವ ಚಕ್ರ ಇಟ್ಟರು. ಈಗ ಭಾರ ಮುಂದೆ, ಎಳೆತ ಹಿಂದೆ. ವಿಮಾನ ಸೊಟ್ಟಗೆ ಇಳಿದರೂ ತಾನಾಗಿ ನೆಟ್ಟಗಾಗುತ್ತಿತ್ತು. ಬ್ರೇಕ್ ಜೋರಾಗಿ ಒತ್ತಿದರೂ ಮುಗ್ಗರಿಸುತ್ತಿರಲಿಲ್ಲ.

ಹೊಸ ಚಕ್ರದ ಜೊತೆ ಹೊಸ ತೊಂದರೆಯೂ ಬಂತು. ತಿರುಗಲು ಬಿಟ್ಟ ಮುಂದಿನ ಚಕ್ರ ಒಂದು ವೇಗ ಮೀರಿದಾಗ ಎಡಬಲಕ್ಕೆ ಗಡಗಡ ಅಲುಗುತ್ತದೆ. ಇದರ ಹೆಸರು ಶಿಮ್ಮಿ. ತಳ್ಳುಗಾಡಿಯ ಪುಟ್ಟ ಚಕ್ರ ಕೆಲವೊಮ್ಮೆ ನಡುಗುವುದೂ ಇದೇ ಕಾರಣಕ್ಕೆ. ಲ್ಯಾಂಗ್ಲಿಯಲ್ಲೇ ಆರ್ಥರ್ ಕ್ಯಾಂಟ್ರೊವಿಟ್ಜ್ ಇದರ ಗಣಿತವನ್ನು ಬಿಡಿಸಿದರು. ಟೈರಿನ ರಬ್ಬರು ಪಕ್ಕಕ್ಕೆ ಬಾಗುವ ಗುಣವೇ ಅಲುಗಾಟಕ್ಕೆ ಮೂಲವೆಂದು ಅವರ ಅಧ್ಯಯನ ತೋರಿಸಿತು. ಅದನ್ನು ತಡೆಯಲು ಎಣ್ಣೆ ತುಂಬಿದ ಒಂದು ಚಿಕ್ಕ ಕೊಳವೆ, ಅಂದರೆ ಶಿಮ್ಮಿ ಡ್ಯಾಂಪರ್, ಮುಂದಿನ ಕಾಲಿನ ಅಂಗವಾಯಿತು. ಟೈರು ಬದಲಾಯಿಸುವವರು ಮುಂದೆ ಎದುರಿಸಬೇಕಾದ ಮೊದಲ ತೊಡಕು ಇದೇ.

ವೀಕ್ 1936ರಲ್ಲಿ ಎಂಜಿನಿಯರಿಂಗ್ ಅಂಡ್ ರಿಸರ್ಚ್ ಕಾರ್ಪೊರೇಷನ್ ಸೇರಿ ಎರ್ಕೂಪ್ ವಿಮಾನ ರೂಪಿಸಿದರು. 1940ರಲ್ಲಿ ಮಾನ್ಯತೆ ಪಡೆದ ಎರ್ಕೂಪ್‌ನ ಮುಂದಿನ ಚಕ್ರ ಕಾರಿನಂತೆ ಸ್ಟಿಯರಿಂಗ್‌ಗೆ ಜೋಡಿಸಿತ್ತು. ಕಾಲಿನ ರಡರ್ ಪೆಡಲ್‌ಗಳೇ ಇರಲಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರ ಒಂದೇ ವರ್ಷದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಎರ್ಕೂಪ್‌ಗಳು ತಯಾರಾದವು. ಅಷ್ಟರಲ್ಲಿ ದೊಡ್ಡ ವಿಮಾನಗಳೂ ಮೂತಿಯ ಚಕ್ರಕ್ಕೆ ಬಂದಿದ್ದವು. ಯುದ್ಧಕಾಲದಲ್ಲಿ ಜಗತ್ತಿನ ತುಂಬ ಕಾಂಕ್ರೀಟಿನ ರನ್‌ವೇಗಳು ಎದ್ದಿದ್ದವು. ಚಿಕ್ಕ ಮುಂಚಕ್ರಕ್ಕೆ ಬೇಕಾದ ನಯವಾದ ನೆಲ ಸಿದ್ಧವಾಗಿತ್ತು.

ಚಿಕ್ಕ ಚಕ್ರದ ದಶಕಗಳು

ಪೈಪರ್ ಕಂಪನಿ ತನ್ನ ಪೇಸರ್ ವಿಮಾನದ ಬಾಲಚಕ್ರ ತೆಗೆದು ಮೂತಿಗೆ ಚಕ್ರ ಹಾಕಿ 1951ರಲ್ಲಿ ಟ್ರೈ-ಪೇಸರ್ ಎಂದು ಮಾರುಕಟ್ಟೆಗೆ ಬಿಟ್ಟಿತು. ಹಳೆಯ ಪೇಸರ್‌ಗಿಂತ ಅದೇ ಹೆಚ್ಚು ಮಾರಾಟವಾಯಿತು. ಸೆಸ್ನಾ ಕಂಪನಿ ತನ್ನ 170 ಮಾದರಿಗೆ ಅದೇ ಕೆಲಸ ಮಾಡಿತು. 1955ರಲ್ಲಿ ಹಾರಿದ ಹೊಸ ವಿಮಾನಕ್ಕೆ 172 ಎಂಬ ಹೆಸರು. 1956ರಲ್ಲಿ, ಮೊದಲ ಪೂರ್ಣ ವರ್ಷದಲ್ಲೇ, 1,400ಕ್ಕೂ ಹೆಚ್ಚು ವಿಮಾನಗಳು ತಯಾರಾದವು. ಇಂದಿಗೆ 44,000 ದಾಟಿರುವ ಈ ಮಾದರಿಯಷ್ಟು ಸಂಖ್ಯೆಯಲ್ಲಿ ಬೇರಾವ ವಿಮಾನವೂ ತಯಾರಾಗಿಲ್ಲ. 180ರಿಂದ ಹುಟ್ಟಿದ 182ರದೂ ಇದೇ ಕಥೆ.

ಈ ವಿಮಾನಗಳ ಅಳತೆಗಳೇ ಅವು ಯಾವ ನೆಲಕ್ಕೆ ಮಾಡಿದವೆಂದು ಹೇಳುತ್ತವೆ. 172ರ ಮುಖ್ಯ ಚಕ್ರಗಳಿಗೆ 6.00-6 ಟೈರು, ಮೂತಿಗೆ ಮಾತ್ರ 5.00-5. ಚಿಕ್ಕ ಚಕ್ರ ಹಗುರ, ಅಗ್ಗ. ಗಾಳಿಗೆ ಒಡ್ಡುವ ಅಡ್ಡಿಯೂ ಕಡಿಮೆ. ಅದರ ಮೇಲೆ ಕೂರಿಸುವ ನೀರಹನಿಯಂಥ ಕವಚ ವೇಗವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಸೆಸ್ನಾ ವಿಮಾನಗಳ ಮುಖ್ಯ ಚಕ್ರಗಳ ಕಾಲುಗಳು ಸ್ಟೀವ್ ವಿಟ್‌ಮನ್ ಕಂಡುಹಿಡಿದ ಉಕ್ಕಿನ ಪಟ್ಟಿಯ ಸ್ಪ್ರಿಂಗುಗಳು. ಎಷ್ಟು ಒದೆ ತಿಂದರೂ ಬಾಗಿ ಮರಳಿ ನಿಲ್ಲುವಂಥವು. ಮುಂದಿನ ಕಾಲು ಹಾಗಲ್ಲ. ಅದು ಗಾಳಿ ಮತ್ತು ಎಣ್ಣೆ ತುಂಬಿದ ಕೊಳವೆ. ಅದನ್ನು ಬಿಗಿದಿರುವುದು ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಫೈರ್‌ವಾಲ್ ಎಂಬ ತಗಡಿನ ಗೋಡೆಗೆ. ಮೂತಿ ಮೊದಲು ನೆಲಕ್ಕೆ ಬಡಿದರೆ ಕಾಲು ಉಳಿದರೂ ಗೋಡೆ ಸುಕ್ಕಾಗುತ್ತದೆ. ಹಳೆಯ 182 ಕೊಳ್ಳುವವರು ಇಂದಿಗೂ ಮೊದಲು ಬಗ್ಗಿ ನೋಡುವುದು ಆ ಗೋಡೆಯನ್ನೇ.

ಎಲ್ಲ ವಿನ್ಯಾಸಕರೂ ಮುಂದಿನ ಚಕ್ರವನ್ನು ಚಿಕ್ಕದು ಮಾಡಲಿಲ್ಲ. ಪೈಪರ್ ಕಂಪನಿ ಸೇರಿದ ವೀಕ್, ಜಾನ್ ಥಾರ್ಪ್ ಮತ್ತು ಕಾರ್ಲ್ ಬರ್ಗಿ ಜೊತೆ ರೂಪಿಸಿದ ಚೆರೋಕಿ ವಿಮಾನದ ಆರಂಭದ ಮಾದರಿಗಳಲ್ಲಿ ಮೂರೂ ಚಕ್ರಗಳಿಗೆ ಒಂದೇ 6.00-6 ಅಳತೆಯಿತ್ತು. ಇದಕ್ಕಿಂತ ಗಮನಾರ್ಹ ಸಂಗತಿಯೆಂದರೆ, ಹೊಲಗಳಿಗೆ ಔಷಧಿ ಸಿಂಪಡಿಸುವ ಎಜಿ-1 ವಿಮಾನವನ್ನು 1950ರ ಹೊತ್ತಿಗೆ ಟೆಕ್ಸಸ್‌ನಲ್ಲಿ ರೂಪಿಸುವಾಗ, ಮೂತಿಯ ಚಕ್ರವನ್ನು ಜನಪ್ರಿಯಗೊಳಿಸಿದ ಅದೇ ವೀಕ್ ಬಾಲಚಕ್ರವನ್ನೇ ಆರಿಸಿದರು. ಅದರ ನಂತರ ಬಂದ ಪೈಪರ್ ಪಾನಿಯೂ ಬಾಲಚಕ್ರದ್ದೇ. ಹೊಲದಂಚಿನ ಒರಟು ಪಟ್ಟಿಯಿಂದ ದಿನಕ್ಕೆ ಹತ್ತಾರು ಬಾರಿ ಭಾರ ಹೊತ್ತು ಏರಬೇಕಾದ ವಿಮಾನದ ಮೂತಿಗೆ ಪುಟ್ಟ ಚಕ್ರ ಹೊಂದದೆಂಬುದು ಅವರಿಗೆ ಗೊತ್ತಿತ್ತು.

ಬೆಂಗಳೂರಿನಲ್ಲೂ ಈ ಬದಲಾವಣೆಯ ಎರಡೂ ಘಟ್ಟಗಳು ಕಾಣುತ್ತವೆ. ಹಿಂದುಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನ, 1958ರಲ್ಲಿ ಹಾರಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹೋದ ಪುಷ್ಪಕ್, ಅದರ ಬೆನ್ನಿಗೆ ಬಂದ ಕೃಷಕ್, ಎಲ್ಲವೂ ಬಾಲಚಕ್ರದವು. 1972ರಲ್ಲಿ ಹಾರಿದ ಬಸಂತ್ ಬೆಳೆಗೆ ಔಷಧಿ ಸಿಂಪಡಿಸುವ ವಿಮಾನ, ಅದೂ ಬಾಲಚಕ್ರದ್ದೇ. 1977ರಲ್ಲಿ ಹಾರಿದ ವಾಯುಪಡೆಯ ತರಬೇತಿ ವಿಮಾನ ಎಚ್‌ಪಿಟಿ-32 ಹಾಗೂ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ರೂಪಿಸಿ 1993ರಲ್ಲಿ ಹಾರಿಸಿದ ಹಂಸ ಮೂತಿಯ ಚಕ್ರದವು. ಕಲಿಕೆಯ ವಿಮಾನ ಡಾಂಬರಿನ ರನ್‌ವೇಗೆ ಬಂದಂತೆ ಚಕ್ರ ಬಾಲದಿಂದ ಮೂತಿಗೆ ಬಂತು; ಹೊಲಕ್ಕೆ ಹೋಗುವ ವಿಮಾನದಲ್ಲಿ ಅದು ಹಿಂದೆಯೇ ಉಳಿಯಿತು.

ನೆಲದ ಲೆಕ್ಕ

ಚಿಕ್ಕ ಚಕ್ರ ಒರಟು ನೆಲದಲ್ಲಿ ಸೋಲುವುದಕ್ಕೆ ಎರಡು ಕಾರಣ: ಒಂದು ವ್ಯಾಸ, ಇನ್ನೊಂದು ಒತ್ತಡ. ಎರೆಮಣ್ಣಿನ ಸೀಮೆಯ ಎತ್ತಿನ ಗಾಡಿಗೆ ಆಳೆತ್ತರದ ಗಾಲಿ ಏಕೆ ಬೇಕಿತ್ತೋ, ವಿಮಾನಕ್ಕೂ ದೊಡ್ಡ ಚಕ್ರ ಅದಕ್ಕೇ ಬೇಕು. ಗಾಲಿ ದೊಡ್ಡದಾದಷ್ಟೂ ಅದು ತಗ್ಗಿಗೆ ಬೀಳುವುದು ಕಡಿಮೆ, ಉಬ್ಬನ್ನು ಹತ್ತುವುದು ಸುಲಭ.

ಎರಡು ಅಂಗುಲ ಎತ್ತರದ ಒಂದು ಕಲ್ಲು ಮುಂದಿನ ಚಕ್ರಕ್ಕೆ ಎದುರಾಯಿತೆಂದು ಇಟ್ಟುಕೊಳ್ಳಬಹುದು. 5.00-5 ಟೈರಿನ ಹೊರ ವ್ಯಾಸ ಸುಮಾರು 14 ಅಂಗುಲ. ಟೈರು ಕುಗ್ಗುವುದನ್ನು ಬಿಟ್ಟು ಲೆಕ್ಕ ಹಾಕಿದರೆ, ಆ ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಲು ಅದರ ಮೇಲಿರುವ ಭಾರಕ್ಕೆ ಹೆಚ್ಚುಕಡಿಮೆ ಸಮನಾದ ಬಲ ಮುಂದಕ್ಕೆ ಒತ್ತಬೇಕು. 6.00-6 ಟೈರಿನ ವ್ಯಾಸ ಸುಮಾರು 17.5 ಅಂಗುಲ, ಅದಕ್ಕೆ ಬೇಕಾದ ಬಲ ಭಾರದ ಶೇ 83ರಷ್ಟು. ಸುಮಾರು 22 ಅಂಗುಲ ವ್ಯಾಸದ 8.50-6 ಟೈರಿಗೆ ಶೇ 70 ಸಾಕು. ವಿಮಾನವನ್ನು ಮುಂದಕ್ಕೆ ತಳ್ಳುವ ಈ ಬಲವೇ ಮುಂದಿನ ಕಾಲನ್ನು ಹಿಂದಕ್ಕೆ ಬಾಗಿಸುತ್ತದೆ. ಬ್ರೇಕ್ ಹಾಕಿದಾಗ ಮೂತಿ ತಗ್ಗಿ, ಅದರ ಮೇಲಿನ ಭಾರವೂ ಹೆಚ್ಚುತ್ತದೆ. ಆಗ ಒಂದು ಸಣ್ಣ ಹಳ್ಳ ಸಿಕ್ಕರೂ ಕಾಲು ಮುರಿಯಬಹುದು, ಪ್ರೊಪೆಲ್ಲರ್ ನೆಲಕ್ಕೆ ಬಡಿಯಬಹುದು, ವಿಮಾನ ಬೆನ್ನಡಿಯಾಗಬಹುದು.

ಒತ್ತಡದ ಲೆಕ್ಕ ಇನ್ನೂ ಸರಳ. ಟೈರು ನೆಲವನ್ನು ಒತ್ತುವ ಒತ್ತಡ, ಅದರೊಳಗಿನ ಗಾಳಿಯ ಒತ್ತಡಕ್ಕೆ ಹೆಚ್ಚುಕಡಿಮೆ ಸಮ. ಸೆಸ್ನಾ 206ರ ಮೂತಿಗೆ 5.00-5 ಟೈರು ಹಾಕಿದಾಗ ಚದರ ಅಂಗುಲಕ್ಕೆ ಸುಮಾರು 50 ಪೌಂಡ್ ಗಾಳಿ ತುಂಬಬೇಕು, 6.00-6 ಹಾಕಿದರೆ ಸುಮಾರು 30 ಪೌಂಡ್ ಸಾಕು. ಮೂತಿಯ ಮೇಲೆ 300 ಪೌಂಡ್ ಭಾರವಿದ್ದರೆ, ಮೊದಲನೆಯದು ಆರು ಚದರ ಅಂಗುಲ ನೆಲದ ಮೇಲೆ ನಿಲ್ಲುತ್ತದೆ, ಎರಡನೆಯದು ಹತ್ತು ಚದರ ಅಂಗುಲದ ಮೇಲೆ. ಒದ್ದೆ ಮಣ್ಣಿನಲ್ಲಿ ಹೂತುಹೋಗುವುದಕ್ಕೂ ದಾಟಿಹೋಗುವುದಕ್ಕೂ ಇರುವ ಅಂತರ ಇಷ್ಟೇ.

ಇದರ ಜೊತೆಗೆ ಪ್ರೊಪೆಲ್ಲರ್‌ನ ಪ್ರಶ್ನೆ. ಅಮೆರಿಕದ ನಿಯಮ ಬಾಲಚಕ್ರದ ವಿಮಾನಕ್ಕೆ ಪ್ರೊಪೆಲ್ಲರ್ ಮತ್ತು ನೆಲದ ನಡುವೆ ಕನಿಷ್ಠ ಒಂಬತ್ತು ಅಂಗುಲ ಅಂತರ ಕೇಳಿದರೆ, ಮೂತಿಯ ಚಕ್ರದ್ದಕ್ಕೆ ಏಳು ಅಂಗುಲ ಸಾಕೆಂದಿತು. ಏಳು ಅಂಗುಲ ಡಾಂಬರಿಗೆ ಧಾರಾಳ. ಕಲ್ಲಿನ ದಂಡೆಗೆ ತೀರ ಕಡಿಮೆ. ದೊಡ್ಡ ಮುಂಚಕ್ರ ಪ್ರೊಪೆಲ್ಲರನ್ನು ಮೇಲೆತ್ತಿ, ಅದರ ಅಲಗಿಗೆ ಕಲ್ಲು ಸಿಡಿದು ಪೆಟ್ಟಾಗುವುದನ್ನು ಕಡಿಮೆ ಮಾಡುತ್ತದೆ.

ಟೈರಿನ ಹಿಂದೆ ಬಂದ ಸರಪಳಿ

ಮೂತಿಗೆ ದೊಡ್ಡ ಟೈರು ಹಾಕುವುದು ಟೈರು ಬದಲಾಯಿಸುವಷ್ಟಕ್ಕೆ ಮುಗಿಯುವುದಿಲ್ಲ ಎಂಬುದನ್ನು ಮೆಕ್ಯಾನಿಕ್‌ಗಳು ಬೇಗ ಕಲಿತರು. ಮುಂದಿನ ಚಕ್ರವನ್ನು ಹಿಡಿದಿರುವುದು ಸೈಕಲ್ಲಿನದರಂಥ ಫೋರ್ಕು. 5.00-5ಕ್ಕೆ ಮಾಡಿದ ಫೋರ್ಕಿನ ಕಾಲುಗಳ ನಡುವೆ 6.00-6 ಹಿಡಿಸುವುದಿಲ್ಲ. ಆದ್ದರಿಂದ ಅಗಲವಾದ ಫೋರ್ಕು ಬೇಕು. ಫೋರ್ಕು ದೊಡ್ಡದಾದರೆ ತೂಕ ಹೆಚ್ಚು. ತಿರುಗುವ ತೂಕ ಹೆಚ್ಚಿದರೆ ಶಿಮ್ಮಿ ಮರಳಿ ಬರುತ್ತದೆ. ಡ್ಯಾಂಪರ್ ಸವೆದಿರಬಾರದು, ಚಕ್ರದ ತೂಕ ಸುತ್ತ ಸಮನಾಗಿ ಹಂಚಿರಬೇಕು, ಕಾಲಿನ ಕೀಲುಗಳಲ್ಲಿ ಸಡಿಲ ಇರಬಾರದು. ಡ್ಯಾಂಪರ್ ಹಾಕಿದಷ್ಟಕ್ಕೆ ಅಲುಗಾಟ ನಿಲ್ಲುವುದಿಲ್ಲ. ಈ ಎಲ್ಲ ಭಾಗಗಳೂ ಸುಸ್ಥಿತಿಯಲ್ಲಿರಬೇಕು.

ವಿಮಾನದ ನಿಲುವು ಕೂಡ ಬದಲಾಗುತ್ತದೆ. 172ರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 65 ಅಂಗುಲ. ಮೂತಿಗೆ ಮಾತ್ರ 14 ಅಂಗುಲದ ಬದಲು 17.5 ಅಂಗುಲದ ಟೈರು ಹಾಕಿದರೆ ಮೂತಿ ಒಂದೂಮುಕ್ಕಾಲು ಅಂಗುಲ ಮೇಲೇಳುತ್ತದೆ. ವಿಮಾನ ಒಂದೂವರೆ ಡಿಗ್ರಿಯಷ್ಟು ಹಿಂದಕ್ಕೆ ವಾಲುತ್ತದೆ. ಇಳಿಯುವಾಗ ಮುಖ್ಯ ಚಕ್ರಗಳು ಮೊದಲು ತಾಗಬೇಕೆಂಬುದು ನಿಯಮ. ಮುಂದಿನ ಚಕ್ರ ಕೆಳಕ್ಕೆ ಇಳಿದಷ್ಟೂ ಅದೇ ಮೊದಲು ತಾಗುವ ಅಪಾಯ ಹೆಚ್ಚು. ಆಗ ವಿಮಾನ ಒಂದೇ ಗಾಲಿಯ ಕೈಗಾಡಿಯಂತೆ ಮೂತಿಯ ಮೇಲೆ ಓಡುತ್ತದೆ, ಹಿಡಿತ ತಪ್ಪುತ್ತದೆ. ಆದ್ದರಿಂದ ಮುಂದಿನದನ್ನು ದೊಡ್ಡದು ಮಾಡುವವರು ಹಿಂದಿನವನ್ನೂ 8.00-6 ಅಥವಾ 8.50-6ಕ್ಕೆ ಏರಿಸುತ್ತಾರೆ. ಕವಚಗಳನ್ನು ಕಳಚಬೇಕು, ಬೆತ್ತಲೆ ಟೈರುಗಳು ಗಾಳಿಗೆ ಅಡ್ಡ ನಿಂತು ವೇಗ ಕುಗ್ಗಿಸುತ್ತವೆ, ಅದೇ ದೂರಕ್ಕೆ ಹೆಚ್ಚು ಪೆಟ್ರೋಲ್ ಖರ್ಚಾಗುತ್ತದೆ. ಒರಟು ನೆಲದಲ್ಲಿ ಇಳಿಯುವ ಅನುಕೂಲಕ್ಕೆ ವಿಮಾನ ಹಾರಾಟದಲ್ಲಿ ತೆರುವ ಬೆಲೆ ಇದು.

ಕಾನೂನಿನ ಸರಪಳಿಯೂ ಇದೆ. ಮಾನ್ಯತೆ ಪಡೆದ ವಿಮಾನಕ್ಕೆ ಬೇರೆ ಟೈರು, ಬೇರೆ ಫೋರ್ಕು ಹಾಕುವುದೆಂದರೆ ಅದರ ಮೂಲ ವಿನ್ಯಾಸವನ್ನೇ ತಿದ್ದಿದಂತೆ. ಅಮೆರಿಕದಲ್ಲಿ ಇದಕ್ಕೆ ಪೂರಕ ಮಾದರಿ ಪ್ರಮಾಣಪತ್ರ ಬೇಕು. ಫೋರ್ಕಿನ ಬಲ, ತೂಕದ ಹಂಚಿಕೆ, ಇಳಿಯುವಾಗಿನ ನಡವಳಿಕೆ ಎಲ್ಲವನ್ನೂ ಪರೀಕ್ಷಿಸಿ ಒಮ್ಮೆ ಪ್ರಮಾಣಪತ್ರ ಪಡೆದ ಕಾರ್ಯಾಗಾರ, ಅದೇ ಮಾದರಿಯ ಎಲ್ಲ ವಿಮಾನಗಳಿಗೂ ಆ ಭಾಗಗಳನ್ನು ಮಾರಬಹುದು. 182 ಮತ್ತು 206ರ ಮೂತಿಗೆ 8.50-6 ಟೈರು ಹಿಡಿಸುವ ಗಟ್ಟಿ ಫೋರ್ಕುಗಳು ಬಳಕೆಗೆ ಬಂದದ್ದು ಈ ದಾರಿಯಿಂದ.

ಅಲಾಸ್ಕದ ಮೂರು ಉತ್ತರಗಳು

ನಯವಾದ ನೆಲಕ್ಕೆ ಹುಟ್ಟಿದ ವಿಮಾನಗಳು ಅಲಾಸ್ಕದಂಥ ಒರಟು ನೆಲಕ್ಕೆ ಬಂದಾಗ ಅವುಗಳಿಗೆ ಮೂರು ಬಗೆಯ ಪರಿಹಾರಗಳು ಹುಟ್ಟಿದವು.

ಮೊದಲನೆಯದು, ಚಕ್ರವನ್ನು ಮತ್ತೆ ಹಿಂದಕ್ಕೆ ಕಳಿಸುವುದು. ಮೂತಿಯ ಚಕ್ರಕ್ಕಾಗಿಯೇ ಮಾರಾಟವಾದ ಎಷ್ಟೋ ಟ್ರೈ-ಪೇಸರ್‌ಗಳು ಅಲಾಸ್ಕದ ಶೆಡ್ಡುಗಳಲ್ಲಿ ಮುಂದಿನ ಕಾಲು ಕಳೆದುಕೊಂಡು ಮತ್ತೆ ಪೇಸರ್‌ಗಳಾದವು. ಸೆಸ್ನಾ 150 ಮತ್ತು 172ಗಳಿಗೂ ಇಂಥ ಪರಿವರ್ತನೆಗೆ ಮಾನ್ಯತೆ ದೊರೆಯಿತು. ಸೆಸ್ನಾ ಕೂಡ ಒರಟು ನೆಲದ ಗಿರಾಕಿಗಳನ್ನು ಕೈಬಿಡಲಿಲ್ಲ. ಬಾಲಚಕ್ರದ 180 ಮಾದರಿಯನ್ನು 1981ರವರೆಗೆ, 185 ಮಾದರಿಯನ್ನು 1985ರವರೆಗೆ ತಯಾರಿಸಿತು.

ಎರಡನೆಯದು, ಚಕ್ರವನ್ನು ದೊಡ್ಡದು ಮಾಡುವುದು. ಆರು ಜನರನ್ನೂ ಅವರ ಸಾಮಾನನ್ನೂ ಹೊರುವ 206ರಂಥ ವಿಮಾನ ಬೇಕು, ಆದರೆ ಬಾಲಚಕ್ರ ಬೇಡ ಎನ್ನುವವರು ಆರಿಸಿದ ದಾರಿ ಇದು. 1964ರಿಂದ ಬಂದ 206 ಅಲಾಸ್ಕದಲ್ಲಷ್ಟೇ ಅಲ್ಲದೆ ಪಪುವಾ ನ್ಯೂಗಿನಿಯ ಬೆಟ್ಟಗಳಲ್ಲೂ ದುಡಿಯಿತು. ಅಲ್ಲಿ ಮಿಷನ್ ಏವಿಯೇಷನ್ ಫೆಲೋಶಿಪ್ ಎಂಬ ಸಂಸ್ಥೆ 1951ರಿಂದ ಹಾರಾಟ ನಡೆಸುತ್ತಿದೆ. ಬೆಟ್ಟದ ಇಳಿಜಾರಿನಲ್ಲಿ ಊರವರು ಗುದ್ದಲಿಯಿಂದ ಕೊರೆದ ಹುಲ್ಲಿನ ಪಟ್ಟಿಗಳಲ್ಲಿ ವಿಮಾನಗಳು ಏರುಮುಖವಾಗಿ ಇಳಿಯುತ್ತವೆ, ಇಳಿಮುಖವಾಗಿ ಹಾರುತ್ತವೆ. ಔಷಧಿ, ಉಪ್ಪು, ಸೀಮೆಎಣ್ಣೆ ಬರುವುದೂ ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯುವುದೂ ಆ ದಾರಿಯಿಂದಲೇ. ಅಲ್ಲಿ ಮುಂದಿನ ಚಕ್ರ ಹೂತುಹೋದರೆ ಇಡೀ ಕಣಿವೆಗೆ ಹೊರಗಿನ ಸಂಪರ್ಕ ಕಡಿಯುತ್ತದೆ.

ಮೂರನೆಯದು, ಮುಂದಿನ ಚಕ್ರ ನೆಲಕ್ಕೆ ತಾಗದಂತೆ ನೋಡಿಕೊಳ್ಳುವುದು. 1963ರಲ್ಲಿ ಬಂದ ರೆನ್ 460 ಎಂಬ ವಿಮಾನ ಸೆಸ್ನಾ 182ರ ಮಾರ್ಪಾಡು. ಅದರ ರೂವಾರಿ ಜೇಮ್ಸ್ ರಾಬರ್ಟ್‌ಸನ್. ಪ್ರೊಪೆಲ್ಲರ್‌ನ ಹಿಂದೆಯೇ, ಮೂತಿಯ ಎರಡು ಪಕ್ಕಕ್ಕೆ, ಪುಟ್ಟ ರೆಕ್ಕೆಗಳನ್ನು ಜೋಡಿಸಿದರು. ಪ್ರೊಪೆಲ್ಲರ್‌ನ ಗಾಳಿ ನೇರವಾಗಿ ಅವುಗಳ ಮೇಲೆ ಬೀಸುವುದರಿಂದ ವಿಮಾನ ಇನ್ನೂ ನಿಧಾನವಾಗಿದ್ದಾಗಲೇ ಮೂತಿ ಮೇಲೇಳುತ್ತದೆ. ಒರಟು ನೆಲದ ಏಟೆಲ್ಲ ಗಟ್ಟಿಯಾದ ಮುಖ್ಯ ಚಕ್ರಗಳಿಗೆ. ಮುಂದಿನ ಚಕ್ರಕ್ಕೆ ರಜೆ. ಮುಂದೆ ಟಾಡ್ ಪೀಟರ್ಸನ್ ಈ ಕಲ್ಪನೆಯನ್ನು ಬೆಳೆಸಿ ಕಟ್ಮೈ ಎಂಬ ಮಾದರಿಯವರೆಗೆ ತಂದರು. ಅದರಲ್ಲಿ ಪುಟ್ಟ ರೆಕ್ಕೆಗಳ ಜೊತೆ ದೊಡ್ಡ ಟೈರುಗಳೂ ಸೇರಿದವು. ಹೀಗೆ ಎರಡನೆಯ ಮತ್ತು ಮೂರನೆಯ ಉತ್ತರಗಳು ಒಂದೇ ವಿಮಾನದಲ್ಲಿ ಕೂಡಿದವು. ಪುಟ್ಟ ರೆಕ್ಕೆ ಇಲ್ಲದ ವಿಮಾನಗಳ ಪೈಲಟ್‌ಗಳು ಇದೇ ಕೆಲಸವನ್ನು ಕೈಯಿಂದ ಮಾಡುತ್ತಾರೆ: ಹುಲ್ಲಿನಲ್ಲಿ ಓಡುವಾಗ ಕಂಟ್ರೋಲನ್ನು ಹೊಟ್ಟೆಯತ್ತ ಎಳೆದು ಹಿಡಿದು ಮೂತಿಯ ಭಾರ ಇಳಿಸುತ್ತಾರೆ.

ಮನೆಯಲ್ಲಿ ಕಟ್ಟಿದ ವಿಮಾನಗಳು

ಇದೇ ಪಾಠವನ್ನು ಇನ್ನೊಮ್ಮೆ ಕಲಿಯಬೇಕಾಗಿ ಬಂದದ್ದು ಬಿಡಿಭಾಗಗಳನ್ನು ತರಿಸಿ ಮನೆಯ ಗ್ಯಾರೇಜಿನಲ್ಲಿ ಕಟ್ಟುವ ವಿಮಾನಗಳಲ್ಲಿ. ಅಮೆರಿಕದ ಆರ್‌ವಿ ಸರಣಿಯ ಎರಡಾಸನದ ವಿಮಾನಗಳು ವೇಗಕ್ಕೆ ಹೆಸರಾದವು. ಅವುಗಳ ಮೂತಿಯ ಕಾಲು ಬಾಗಿದ ಒಂದೇ ಉಕ್ಕಿನ ಸರಳು. ಟೈರಿನ ವ್ಯಾಸ ಬರೀ 11 ಅಂಗುಲ. ಒರಟು ಹುಲ್ಲಿನಲ್ಲಿ ಸರಳು ಹಿಂದಕ್ಕೆ ಬಾಗಿದಾಗ ಫೋರ್ಕಿನ ತಲೆಯಲ್ಲಿದ್ದ ನಟ್ಟು ನೆಲಕ್ಕೆ ತಾಗಿ, ನೇಗಿಲಿನಂತೆ ಮಣ್ಣು ಕಚ್ಚಿ, ವಿಮಾನ ಮಗುಚಿದ ಪ್ರಸಂಗಗಳು ನಡೆದವು. 2007ರಲ್ಲಿ ಫೋರ್ಕಿನ ವಿನ್ಯಾಸ ಬದಲಾಯಿತು; ನಟ್ಟಿಗೂ ನೆಲಕ್ಕೂ ನಡುವಿನ ಅಂತರ ಹೆಚ್ಚಿತು. ಇಂಥ ವಿಮಾನಗಳನ್ನು ಕಟ್ಟುವವರೇ ಅವುಗಳ ತಯಾರಕರು. ಕಾರ್ಖಾನೆಯ ವಿಮಾನಕ್ಕಿರುವ ಕಟ್ಟುನಿಟ್ಟಿನ ಪ್ರಮಾಣಪತ್ರ ಇಲ್ಲಿ ಬೇಡವಾದ್ದರಿಂದ ದೊಡ್ಡ ಮುಂಚಕ್ರದ ಪ್ರಯೋಗಗಳು ಈ ವಲಯದಲ್ಲಿ ಬೇಗ ನಡೆದವು.

ಕಾರ್ಖಾನೆಯಿಂದಲೇ ದೊಡ್ಡ ಚಕ್ರ

ಕೆಲವು ವಿನ್ಯಾಸಕರು ಮೊದಲಿನಿಂದಲೇ ಒರಟು ನೆಲವನ್ನು ಲೆಕ್ಕಕ್ಕೆ ತೆಗೆದುಕೊಂಡರು. ಫ್ರಾನ್ಸಿನ ಕ್ಲಬ್ಬುಗಳ ಹುಲ್ಲಿನ ಮೈದಾನಗಳಿಗೆಂದು 1959ರಲ್ಲಿ ಹಾರಿದ ಮೊರಾನ್-ಸೋಲ್ನಿಯೆ ರಾಲಿ ವಿಮಾನದ ಮುಂದಿನ ಚಕ್ರ ಹಿಂದಕ್ಕೆ ಚಾಚಿದ ತೋಳಿನ ತುದಿಯಲ್ಲಿತ್ತು. ಉಬ್ಬು ಸಿಕ್ಕಾಗ ತೋಳು ಮೇಲಕ್ಕೂ ಹಿಂದಕ್ಕೂ ಒಟ್ಟಿಗೆ ಸರಿಯುವುದರಿಂದ ಏಟು ಕಾಲಿನ ಬುಡಕ್ಕೆ ಮುಟ್ಟುವುದು ಕಡಿಮೆ. ಕ್ರಿಸ್ ಹೈಂಟ್ಸ್ 1986ರಲ್ಲಿ ಹೊರತಂದ ಸಿಎಚ್ 701 ಎಂಬ ಪುಟ್ಟ ವಿಮಾನದಲ್ಲಿ ಮೂರೂ ಚಕ್ರಗಳಿಗೆ ಒಂದೇ ಅಳತೆಯ ಉಬ್ಬಿದ ಟೈರು. ಮುಂದಿನ ಕಾಲಿಗೆ ಎಣ್ಣೆಯ ಕೊಳವೆಯ ಬದಲು ರಬ್ಬರಿನ ಹುರಿ. ಮುಂದಿನ ಚಕ್ರವೆಂದರೆ ಚಿಕ್ಕದೇ ಇರಬೇಕು ಎಂಬ ರೂಢಿಯನ್ನು ಅದು ಪೂರ್ತಿ ಬಿಟ್ಟಿತು.

ದೊಡ್ಡ ತಯಾರಕರೂ ಕೊನೆಗೆ ಇದೇ ದಾರಿಗೆ ಬಂದರು. 1982ರಲ್ಲಿ ಮೊದಲು ಹಾರಿದ ಸೆಸ್ನಾ ಕ್ಯಾರವಾನ್, ಹಳ್ಳಿಗಾಡಿನ ಮಣ್ಣಿನ ಪಟ್ಟಿಗಳಿಗೆ ಸರಕು ಮತ್ತು ಜನರನ್ನು ಒಯ್ಯಲು ಮಾಡಿದ ವಿಮಾನ. ಅದರ ಮೂತಿಗೆ ಸಾಮಾನ್ಯವಾಗಿ 6.50-8 ಟೈರು, ಒರಟು ನೆಲಕ್ಕೆ ಹೋಗುವವರು 22 ಅಂಗುಲ ವ್ಯಾಸದ, ಎಂಟು ಅಂಗುಲ ಅಗಲದ ಟೈರನ್ನು ಕಾರ್ಖಾನೆಯಿಂದಲೇ ಪಡೆಯಬಹುದು. ಆ ಟೈರಿನ ಜೊತೆ ಹೊಂದುವ ಫೋರ್ಕು, ಮುಖ್ಯ ಚಕ್ರಗಳಿಗೆ 29 ಅಂಗುಲದ ಟೈರು, ವೇಗ ಎಷ್ಟು ಕುಗ್ಗುತ್ತದೆಂಬ ಲೆಕ್ಕ ಎಲ್ಲವೂ ವಿಮಾನದ ಜೊತೆಗೇ ಬರುತ್ತವೆ. ಅಲಾಸ್ಕದ ಶೆಡ್ಡುಗಳಲ್ಲಿ, ನ್ಯೂಗಿನಿಯ ಇಳಿಜಾರುಗಳಲ್ಲಿ ಒಂದೊಂದೇ ಮುರಿದ ಕಾಲಿನಿಂದ ಕಲಿತ ಪಾಠ ಹೀಗೆ ತಯಾರಕರ ಪಟ್ಟಿಯ ಒಂದು ಸಾಲಾಯಿತು. ವಿಮಾನ ಕೊಳ್ಳುವವರನ್ನು ಈಗ ಮೊದಲೇ ಕೇಳುತ್ತಾರೆ: ಎಂಥ ನೆಲದಲ್ಲಿ ಇಳಿಯುವುದು? ಮುಂದಿನ ಚಕ್ರದ ಅಳತೆ ಆ ಉತ್ತರದಿಂದ ಗೊತ್ತಾಗುತ್ತದೆ.